ಲ್ಯಾಬಿಗೆ ಮೊಬೈಲು ತನ್ನಿ

"ನಾಳೆ ಪ್ರಾಕ್ಟಿಕಲ್‌ಗೆ ಎಲ್ಲರೂ ಮೊಬೈಲು ತನ್ನಿ" ಅಂದಾಗ ಬಿ.ಎಸ್ಸಿ. ಮಕ್ಕಳು ಮುಖ ಮುಖ ನೋಡಿಕೊಂಡರು. ಹಿಂದಿನ ತಿಂಗಳಷ್ಟೇ ಇಬ್ಬರ ಫೋನು ಕಸಿದು ಡ್ರಾಯರಿಗೆ ಹಾಕಿದವನು ನಾನೇ.

ತುಮಕೂರು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. 2020ರ ಲಾಕ್‌ಡೌನಿನಲ್ಲಿ ನಾನೂ ಎಲ್ಲರಂತೆ ನೋಟ್ಸ್ ಸ್ಕ್ಯಾನ್ ಮಾಡಿ 40 ಎಂಬಿ ಪಿಡಿಎಫ್ ಕಳಿಸಿ ಕೈತೊಳೆದುಕೊಂಡವನು. ಪಾವಗಡದ ಹುಡುಗಿಯೊಬ್ಬಳು ಫೋನ್ ಮಾಡಿ, "ಅಣ್ಣ ಕೆಲಸ ಮುಗಿಸಿ ಬಂದ ಮೇಲೇ ಫೋನು ನನ್ನ ಕೈಗೆ ಸಿಗೋದು ಸಾರ್, ಅಷ್ಟೊತ್ತಿಗೆ ಡೇಟಾ ಖಾಲಿ" ಅಂದಳು. ಅಂದಿನಿಂದ ಹತ್ತು ನಿಮಿಷದ ಧ್ವನಿಪಾಠ ಕಳಿಸುತ್ತೇನೆ. ಸೆಕೆಂಡಿಗೆ 16 ಕಿಲೋಬಿಟ್ ಲೆಕ್ಕ ಹಿಡಿದರೆ ಅದು 1.2 ಎಂಬಿ ಅಷ್ಟೇ. ಈಗ ಶಿರಾ, ಮಧುಗಿರಿ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತೂ ಕೇಳುತ್ತಾರೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸೀಟು ಸಿಗುವ ಮಾತೆಲ್ಲಿ!

ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ 'ಸ್ವಯಂ' ಜಾಲತಾಣದಲ್ಲೇ ಕಲಿಯಬಹುದು. ಒಳ್ಳೆಯದೇ. ಆದರೆ ವಿಡಿಯೊ ನೋಡಲಿಕ್ಕಷ್ಟೇ ಬಳಸಿದರೆ ಫೋನು ಕಿಸೆಯೊಳಗಿನ ಟೀವಿಯಾಗಿ ಉಳಿಯುತ್ತದೆ. ಅದರೊಳಗೆ ಮೈಕು ಇದೆ, ವೇಗೋತ್ಕರ್ಷ ಅಳೆಯುವ ಸೆನ್ಸರ್ ಇದೆ. ನಮ್ಮ ಲ್ಯಾಬಿನ ಎಷ್ಟೋ ಉಪಕರಣಗಳಿಗಿಂತ ಅವು ಚುರುಕು.

ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ 'ಫೈಫಾಕ್ಸ್' ಆ್ಯಪ್ ಉಚಿತ, ಒಮ್ಮೆ ಹಾಕಿಕೊಂಡರೆ ನೆಟ್ ಬೇಡ. ಅದರಲ್ಲಿ ಸದ್ದಿಗೆ ಶುರುವಾಗಿ ಸದ್ದಿಗೇ ನಿಲ್ಲುವ ಸ್ಟಾಪ್‌ವಾಚ್ ಇದೆ. ನಾವು ಮಾಡಿದ್ದಿಷ್ಟು: ಎರಡು ಫೋನುಗಳನ್ನು 10 ಮೀಟರ್ ಅಂತರದಲ್ಲಿಟ್ಟೆವು. ಮೊದಲ ಫೋನಿನ ಪಕ್ಕ ಒಬ್ಬ ಚಪ್ಪಾಳೆ ತಟ್ಟಿದ. ಆ ಫೋನು ತಕ್ಷಣ ಶುರು, ಆಚೆಯದು ಸದ್ದು ತಲುಪಿದ ಮೇಲೆ ಶುರು. ಆಮೇಲೆ ಎರಡನೆಯದರ ಪಕ್ಕ ಇನ್ನೊಬ್ಬಳು ತಟ್ಟಿದಳು. ಅದು ಕೂಡಲೇ ನಿಂತಿತು, ಮೊದಲನೆಯದು ತಡವಾಗಿ ನಿಂತಿತು. ಎರಡೂ ಗಡಿಯಾರಗಳನ್ನು ಹೊಂದಿಸಿಕೊಳ್ಳುವ ರಗಳೆಯೇ ಇಲ್ಲ. ಎರಡರ ವ್ಯತ್ಯಾಸವೆಂದರೆ ಸದ್ದು ಆಚೆಗೆ 10, ಈಚೆಗೆ 10, ಒಟ್ಟು 20 ಮೀಟರ್ ಹೋಗಲು ಬೇಕಾದ ಸಮಯ.

ಕಾರಿಡಾರಿನಲ್ಲಿ ಪೂರಾ ಎಡವಟ್ಟಾಯಿತು. ಯಾರದೋ ಚಪ್ಪಲಿ ಸದ್ದಿಗೂ ಗಡಿಯಾರ ಓಡತೊಡಗಿತು, ಪ್ರತಿಧ್ವನಿ ಬೇರೆ. ಹೊಂಗೆ ಮರದ ಕೆಳಗೆ ಹೋಗಿ, ಆ್ಯಪ್ ಎಷ್ಟು ಜೋರು ಸದ್ದಿಗೆ ಎಚ್ಚರಗೊಳ್ಳಬೇಕೆಂಬುದನ್ನು ಏರಿಸಿದ ಮೇಲೆ ಒಂದು 3.214, ಇನ್ನೊಂದು 3.156 ತೋರಿಸಿತು. ವ್ಯತ್ಯಾಸ 0.058 ಸೆಕೆಂಡು, ಅಂದರೆ ಸದ್ದಿನ ವೇಗ ಸೆಕೆಂಡಿಗೆ 345 ಮೀಟರ್. 30 ಡಿಗ್ರಿ ಬಿಸಿಲಿಗೆ 349 ಬರಬೇಕಿತ್ತು. ಎಲ್ಲಿ ತಪ್ಪಿತು ಎಂದು ಅವರೇ ಜಗಳಕ್ಕೆ ಬಿದ್ದರು. ಒಂದು ಮಿಲಿಸೆಕೆಂಡು ಆಚೀಚೆಯಾದರೆ ಉತ್ತರ 6 ಮೀಟರ್ ಜಿಗಿಯುತ್ತದೆ ಎಂದು ಲೆಕ್ಕ ಹಾಕಿದ್ದೂ ಅವರೇ. ದೋಷದ ಲೆಕ್ಕಾಚಾರವನ್ನು ಬೋರ್ಡಿನ ಮೇಲೆ ಎಷ್ಟೋ ವರ್ಷ ಬರೆದಿದ್ದೇನೆ, ಒಬ್ಬರೂ ಹೀಗೆ ಜಗಳವಾಡಿರಲಿಲ್ಲ.

ಒಂದು ಮಾತು: ಕ್ಲಾಸಿನ ಅತಿ ಅಗ್ಗದ ಫೋನಿನಲ್ಲಿ ನಡೆಯದ ಪ್ರಯೋಗವನ್ನು ನಾನು ಇಡುವುದಿಲ್ಲ. ತಿರುಗುವ ವೇಗ ಅಳೆಯುವ ಗೈರೊಸ್ಕೋಪ್, ಗಾಳಿಯ ಒತ್ತಡದ ಸೆನ್ಸರ್ ಹಲವು ಫೋನುಗಳಲ್ಲಿ ಇರುವುದೇ ಇಲ್ಲ. ಮೈಕು ಎಲ್ಲದರಲ್ಲೂ ಇದೆ. ನಾಲ್ಕು ಜನಕ್ಕೆ ಎರಡು ಫೋನು ಸಾಕು, ಇಲ್ಲದವರು ಟೇಪು ಹಿಡಿಯುವುದಲ್ಲ, ಚಪ್ಪಾಳೆ ತಟ್ಟುವುದೂ ಓದಿ ಬರೆದುಕೊಳ್ಳುವುದೂ ಅವರದೇ ಸರದಿ.

"ಸಾರ್, ಇದು ಇಂಟರ್ನಲ್ಸ್‌ಗೆ ಬರುತ್ತಾ?" ಎಂದ ಹಿಂದಿನ ಬೆಂಚಿನವನೇ ಕೊನೆಗೆ, "ಜನವರಿ ಚಳೀಲಿ ವೇಗ ಕಮ್ಮಿ ಬರಬೇಕಲ್ವಾ?" ಎಂದೂ ಕೇಳಿದ. ಬರಬೇಕು. 16 ಡಿಗ್ರಿಗೆ ಸುಮಾರು 341. ಆದರೆ ಫೋನುಗಳ ನಡುವೆ 10 ಮೀಟರ್ ಇದ್ದರೆ ಬಿಸಿಲಿಗೂ ಚಳಿಗೂ ಸಮಯದ ವ್ಯತ್ಯಾಸ ಒಂದೂವರೆ ಮಿಲಿಸೆಕೆಂಡೂ ಇಲ್ಲ, 30 ಮೀಟರ್ ಇದ್ದರೆ ನಾಲ್ಕು ದಾಟುತ್ತದೆ. ಅಷ್ಟು ದೂರಕ್ಕೆ ಚಪ್ಪಾಳೆ ಸಾಲದು. ಹಾಸ್ಟೆಲ್ ಹುಡುಗರು ಸ್ಟೀಲ್ ತಟ್ಟೆ, ಸೌಟು ತರುತ್ತಾರಂತೆ. 30 ಮೀಟರ್ ಟೇಪು ಪಿ.ಟಿ. ಮೇಷ್ಟ್ರ ಹತ್ತಿರ ಇದೆ, ಕೇಳಿಟ್ಟಿದ್ದೇನೆ.