ಡಿಸ್ಚಾರ್ಜ್ ಆದ ಮೇಲಿನ ಖರ್ಚು ಯಾರ ಪಾಲಿಗೆ?

ಮನೆಯಲ್ಲಿರುವ ಆರೋಗ್ಯ ವಿಮೆಯ ಪಾಲಿಸಿ ತೆಗೆದು, ಯಾವುದಕ್ಕೆಲ್ಲ ಹಣ ಸಿಗುವುದಿಲ್ಲ ಎಂದು ಪಟ್ಟಿ ಮಾಡಿರುವ ಪುಟ ನೋಡಿ. ಬಹುತೇಕ ಪಾಲಿಸಿಗಳಲ್ಲಿ ‘ಎಕ್ಸ್‌ಕ್ಲ್ 05’ ಎಂಬ ಸಂಕೇತದ ಕೆಳಗೆ ಒಂದು ಷರತ್ತಿದೆ. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಓಡಾಡಲು ನೆರವಾಗುವುದು ಇತ್ಯಾದಿ ಆರೈಕೆ ಮನೆಯಲ್ಲಿ ನಡೆದರೂ ನರ್ಸಿಂಗ್ ಕೇಂದ್ರದಲ್ಲಿ ನಡೆದರೂ, ನರ್ಸ್ ಮಾಡಿದರೂ ಅಟೆಂಡರ್ ಮಾಡಿದರೂ ಅದರ ಖರ್ಚು ಕೊಡುವುದಿಲ್ಲ ಎಂದು ಅದರರ್ಥ. ಇದು ಯಾವುದೋ ಒಂದು ಕಂಪನಿಯ ಕೈಬಿಗಿತವಲ್ಲ. ಇಂಥ ಖರ್ಚನ್ನು ಹೊರಗಿಡುವವರೆಲ್ಲ ಇದೇ ಪದಗಳಲ್ಲಿ ಬರೆಯಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ಗೊತ್ತುಮಾಡಿತು. ಲಕ್ವ ಹೊಡೆದವರಿಗೆ ಐಸಿಯು ಬಿಲ್ಲು ಸಿಗುತ್ತದೆ. ಅದಾದ ಮೇಲೆ ವರ್ಷಗಟ್ಟಲೆ ಬೇಕಾಗುವ ಡೈಪರ್, ಏರ್‌ಬೆಡ್, ರಾತ್ರಿಪಾಳಿಯ ಅಟೆಂಡರ್ ಯಾವುದಕ್ಕೂ ಸಿಗುವುದಿಲ್ಲ.

ಕಾಯಿಲೆ ಬೇರೆ, ಕೈಲಾಗದಿರುವುದು ಬೇರೆ ಎಂಬ ಈ ಗೆರೆ ಹೊಸದಲ್ಲ. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಚಿಕಿತ್ಸೆ ಎಲ್ಲರಿಗೂ ಉಚಿತವಾಯಿತು. ಅದೇ ವರ್ಷದ ಇನ್ನೊಂದು ಕಾಯ್ದೆ ವೃದ್ಧರ ವಸತಿಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿ, ದುಡ್ಡಿದ್ದವರು ಖರ್ಚು ಕೊಡಬೇಕು ಎಂದಿತು. ಇಂಗ್ಲೆಂಡ್ ಇಂದಿಗೂ ಅಲ್ಲೇ ಇದೆ. 23,250 ಪೌಂಡಿಗಿಂತ ಹೆಚ್ಚು ಆಸ್ತಿಯಿದ್ದವರು ಪೂರ್ತಿ ಖರ್ಚು ತಾವೇ ಭರಿಸಬೇಕು. ಕೇರ್ ಹೋಮಿಗೆ ಕಾಯಂ ಹೋದರೆ, ಸಂಗಾತಿ ವಾಸವಿಲ್ಲದ ಪಕ್ಷದಲ್ಲಿ ಸ್ವಂತ ಮನೆಯೂ ಲೆಕ್ಕಕ್ಕೆ ಬರುತ್ತದೆ. ಈ ಹೊರೆಗೆ ಮಿತಿ ಹಾಕಿ ಎಂದು 2011ರಲ್ಲಿ ಡಿಲ್ನಟ್ ಆಯೋಗ ಶಿಫಾರಸು ಮಾಡಿತು, 2014ರಲ್ಲಿ ಕಾಯ್ದೆಯೂ ಆಯಿತು. ಒಬ್ಬರ ಮೇಲೆ ಬೀಳುವ ಆರೈಕೆ ಖರ್ಚು 86,000 ಪೌಂಡ್ ದಾಟಬಾರದೆಂಬ ಮಿತಿಯನ್ನು ಮುಂದೂಡುತ್ತಾ ಬಂದು 2024ರ ಜುಲೈನಲ್ಲಿ ಕೈಬಿಟ್ಟರು.

ಜರ್ಮನಿಯಲ್ಲಿ ಬೇರೆ ದಾರಿ ಹುಟ್ಟಿದ್ದು ಪುರಸಭೆಗಳ ಬೊಕ್ಕಸ ಬರಿದಾದಾಗ. ದುಡಿದು ಪಿಂಚಣಿ ಪಡೆಯುತ್ತಿದ್ದವರು ಕೂಡ ಕೇರ್ ಹೋಮಿನ ಶುಲ್ಕ ಕಟ್ಟಲಾಗದೆ ಬಡವರಿಗೆಂದಿದ್ದ ಸಾಮಾಜಿಕ ನೆರವಿಗೆ ಕೈಚಾಚಬೇಕಾಗುತ್ತಿತ್ತು. ಆ ಹಣ ಹೋಗುತ್ತಿದ್ದದ್ದು ಸ್ಥಳೀಯ ಆಡಳಿತಗಳಿಂದ. ಕಾರ್ಮಿಕ ಸಚಿವ ನಾರ್ಬರ್ಟ್ ಬ್ಲೂಮ್ ಹಟ ಹಿಡಿದು ತಂದ ಕಡ್ಡಾಯ ಆರೈಕೆ ವಿಮೆ 1995ರ ಜನವರಿಯಲ್ಲಿ ಜಾರಿಯಾಯಿತು. ಅರ್ಧ ಪ್ರೀಮಿಯಂ ನಾವೇಕೆ ಕೊಡಬೇಕು ಎಂದ ಮಾಲೀಕರನ್ನು ಒಪ್ಪಿಸಲು ಒಂದು ಸರ್ಕಾರಿ ರಜೆಯನ್ನೇ ರದ್ದುಮಾಡಿದರು. ಸ್ಯಾಕ್ಸನಿ ರಾಜ್ಯ ಮಾತ್ರ ರಜೆ ಉಳಿಸಿಕೊಂಡಿತು. ಅಲ್ಲಿಯ ನೌಕರರು ಇವತ್ತಿಗೂ ತಮ್ಮ ಪಾಲು ಹೆಚ್ಚಾಗಿ ಕಟ್ಟುತ್ತಾರೆ. ಸಂಬಳದ ಶೇ 1ರಿಂದ ಶುರುವಾದ ಪ್ರೀಮಿಯಂ 2025ರಲ್ಲಿ ಶೇ 3.6, ಮಕ್ಕಳಿಲ್ಲದವರಿಗೆ ಶೇ 4.2.

ಅಲ್ಲಿ ರೋಗದ ಹೆಸರು ಮುಖ್ಯವಲ್ಲ. ಪರೀಕ್ಷಕರು ಓಡಾಟ, ನೆನಪು, ಊಟ-ಶೌಚ ಮುಂತಾದ ಆರು ವಿಷಯಗಳಲ್ಲಿ ವ್ಯಕ್ತಿ ತಾನೇ ಏನೇನು ಮಾಡಿಕೊಳ್ಳಲಾರರು ಎಂದು ನೋಡಿ ನೂರಕ್ಕೆ ಅಂಕ ಕೊಡುತ್ತಾರೆ. 12.5 ಬಂದರೆ ಒಂದನೇ ದರ್ಜೆ, 27ಕ್ಕೆ ಎರಡನೆಯದು, 90ಕ್ಕೆ ಐದನೆಯದು. ಎರಡರಿಂದ ಐದನೇ ದರ್ಜೆಯವರು ಮನೆಯವರಿಂದಲೇ ಆರೈಕೆ ಮಾಡಿಸಿಕೊಂಡರೆ ತಿಂಗಳಿಗೆ 347ರಿಂದ 990 ಯೂರೊ ನಗದು. ಏಜೆನ್ಸಿಯವರು ಬಂದು ಮಾಡಿದರೆ 796ರಿಂದ 2,299 ಯೂರೊವರೆಗಿನ ಸೇವೆ. ಮೊದಲಿನಿಂದಲೂ ಈ ವಿಮೆ ಭಾಗಶಃ ಮಾತ್ರ. ಕೇರ್ ಹೋಮಿನ ದರ ಏರಿದಂತೆ ಜೇಬಿನಿಂದ ಕೊಡುವುದು ಬೆಳೆಯುತ್ತಲೇ ಇದೆ, ಮತ್ತೆ ಸಾಮಾಜಿಕ ನೆರವಿನ ಬಾಗಿಲಿಗೆ ಬರುವವರೂ ಇದ್ದಾರೆ.

ಜಪಾನಿನಲ್ಲಿ ಒತ್ತಡ ಬಂದದ್ದು ಆಸ್ಪತ್ರೆಗಳಿಂದ. 1973ರಲ್ಲಿ 70 ದಾಟಿದವರಿಗೆ ಚಿಕಿತ್ಸೆ ಉಚಿತವಾದ ಮೇಲೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ವೃದ್ಧರು ತಿಂಗಳುಗಟ್ಟಲೆ ಆಸ್ಪತ್ರೆಯ ಹಾಸಿಗೆಯಲ್ಲೇ ಉಳಿದರು. 1997ರಲ್ಲಿ ಕಾಯ್ದೆಯಾಗಿ 2000ದ ಏಪ್ರಿಲ್‌ನಲ್ಲಿ ಆರೈಕೆ ವಿಮೆ ಆರಂಭವಾಯಿತು. ಹಣದಲ್ಲಿ ಅರ್ಧ ತೆರಿಗೆಯಿಂದ, ಅರ್ಧ 40 ದಾಟಿದವರೆಲ್ಲರ ಪ್ರೀಮಿಯಂನಿಂದ. ಪುರಸಭೆಯವರು ಮನೆಗೆ ಬಂದು 74 ಅಂಶಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ಅದರಿಂದ ದಿನಕ್ಕೆ ಎಷ್ಟು ನಿಮಿಷದ ಆರೈಕೆ ಬೇಕೆಂದು ಕಂಪ್ಯೂಟರ್ ಅಂದಾಜು ಮಾಡುತ್ತದೆ, ತಜ್ಞರ ಸಮಿತಿ ಏಳು ಹಂತಗಳಲ್ಲಿ ಒಂದನ್ನು ತೀರ್ಮಾನಿಸುತ್ತದೆ. ಬಿಲ್ಲಿನ ಶೇ 10, ಆದಾಯ ಹೆಚ್ಚಿದ್ದರೆ 20 ಅಥವಾ 30, ಪಡೆಯುವವರ ಪಾಲು. ಆದರೆ ಕೈಗೆ ನಗದು ಕೊಡುವುದಿಲ್ಲ, ಸೇವೆ ಮಾತ್ರ. ದುಡ್ಡು ಕೊಟ್ಟರೆ ಸೊಸೆಯೇ ಮನೆಯಲ್ಲಿ ಕಟ್ಟಿಬೀಳುತ್ತಾಳೆ ಎಂದು ಮಹಿಳಾ ಸಂಘಟನೆಗಳು ಆಗ ವಾದಿಸಿದ್ದವು. ಆ ವಾದ ನಮ್ಮಲ್ಲಿಗೂ ಹಾಗೆಹಾಗೇ ಹೊಂದುತ್ತದೆ. 65 ದಾಟಿದವರ ಸರಾಸರಿ ಮಾಸಿಕ ಪ್ರೀಮಿಯಂ ಶುರುವಿನಲ್ಲಿ 2,911 ಯೆನ್ ಇದ್ದದ್ದು ಈಗ 6,225.

ಅಮೆರಿಕದಲ್ಲಿ ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ ಇಂಥ ಆರೈಕೆಗೆ ಕೊಡುವುದಿಲ್ಲ. ಆಸ್ತಿ ಬಹುಮಟ್ಟಿಗೆ ಕರಗಿದ ಮೇಲೆ ಬಡವರ ಸರ್ಕಾರಿ ನೆರವಾದ ಮೆಡಿಕೇಡ್ ಕೊಡುತ್ತದೆ. ಸಿಂಗಪುರದಲ್ಲಿ 2020ರಿಂದ ಕೇರ್‌ಶೀಲ್ಡ್ ಲೈಫ್ ಎಂಬ ಆರೈಕೆ ವಿಮೆ ಇದೆ: ದಿನನಿತ್ಯದ ಆರು ಕೆಲಸಗಳಲ್ಲಿ ಮೂರು ಮಾಡಿಕೊಳ್ಳಲಾಗದಿದ್ದರೆ ತಿಂಗಳಿಗೆ ನಗದು.

ಪುರಸಭೆಗೋ ಆಸ್ಪತ್ರೆಗೋ ಬಿಲ್ಲು ತಟ್ಟಿದಾಗಲೇ ಜರ್ಮನಿ, ಜಪಾನ್ ಎದ್ದವು. ಬೆಂಗಳೂರಿನಲ್ಲಿ ಅದು ಯಾವ ಸರ್ಕಾರಿ ಖಾತೆಯಲ್ಲೂ ಕಾಣುವುದಿಲ್ಲ. ಕೆಲಸ ಬಿಟ್ಟ ಮಗಳ ಸಂಬಳದಲ್ಲಿ, ಒಡೆದ ಎಫ್‌ಡಿಯಲ್ಲಿ, ಮಾರಿದ ಸೈಟಿನಲ್ಲಿ ಅದು ಕರಗಿಹೋಗುತ್ತದೆ. 2024ರ ಅಕ್ಟೋಬರ್‌ನಲ್ಲಿ 70 ದಾಟಿದವರಿಗೆಲ್ಲ ವಿಸ್ತರಿಸಿದ ಆಯುಷ್ಮಾನ್‌ನ 5 ಲಕ್ಷ ರೂಪಾಯಿಯೂ ಆಸ್ಪತ್ರೆ ಸೇರಿದವರಿಗೇ. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಸಂಬಳದಿಂದ ಪ್ರೀಮಿಯಂ ಹಿಡಿಯುವ ಜರ್ಮನಿಯ ಕ್ರಮ, ಬಹುಪಾಲು ದುಡಿಯುವವರಿಗೆ ಪಿಎಫ್ಫೇ ಇಲ್ಲದ ದೇಶದಲ್ಲಿ ನಡೆಯದು. ತೆರಿಗೆ ಬೆರೆಸಿದ ಜಪಾನಿನ ಕ್ರಮವೇ ಹತ್ತಿರದ್ದು. ಅದಕ್ಕೂ ಮೊದಲು ಅಳತೆಯಾಗಬೇಕು. ಹನ್ನೆರಡು ಗಂಟೆಯ ಅಟೆಂಡರ್ ಸಾಕೋ ಇಪ್ಪತ್ನಾಲ್ಕು ಗಂಟೆ ಬೇಕೋ ಎಂದು ಇಲ್ಲಿ ಹೇಳುವುದು ಹೆಚ್ಚಾಗಿ ಜನ ಕಳಿಸುವ ಏಜೆನ್ಸಿಯೇ.

ನಮ್ಮ ಕಾನೂನು ಹೊರೆಯನ್ನು ಮಕ್ಕಳ ಮೇಲೆ ಹಾಕಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ಅರ್ಜಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ನೋಟಿಸ್ ಮುಟ್ಟಿದ 90 ದಿನಗಳಲ್ಲಿ ಇತ್ಯರ್ಥವಾಗಬೇಕು. 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಮನೆಯನ್ನು ಷರತ್ತು ಮುರಿದರೆ ವಾಪಸು ಕೇಳಬಹುದು. ಹೆಚ್ಚಿನವರು ಎಡವುವುದು ಇಲ್ಲೇ. ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ ಎಂದಷ್ಟೇ ದಾನಪತ್ರದಲ್ಲಿ ಬರೆಸಿದರೆ, ಷರತ್ತು ಇತ್ತೆಂದು ತೋರಿಸುವ ಭಾರ ಪೋಷಕರದ್ದಾಗುತ್ತದೆ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಪ್ರಕರಣದಲ್ಲಿ ತಾಯಿಯ ವಿರುದ್ಧ ತೀರ್ಪು ಕೊಟ್ಟಿತು. ಸಬ್‌ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುಂಚೆಯೇ ಊಟ, ಔಷಧ, ಅಟೆಂಡರ್ ಖರ್ಚು ಯಾರದ್ದೆಂದು ಆ ಪತ್ರದಲ್ಲೇ ಬಿಡಿಸಿ ಬರೆಸಿಕೊಳ್ಳಿ.