‘ಇತರೆ’ ಅಂತ ಮುಚ್ಚಿಹೋದ ವರ್ಕ್ ಆರ್ಡರ್‌ಗಳು

ಪಂಪಿನ ಬೇರಿಂಗ್ ಹೋಗಿದೆ. ರಾತ್ರಿ ಪಾಳಿಯ ಫಿಟ್ಟರ್ ಎರಡು ಗಂಟೆ ಒದ್ದಾಡಿ ಹೊಸದು ಹಾಕಿದ್ದಾನೆ. ಕೈಯ ಗ್ರೀಸ್ ಒರೆಸಿಕೊಂಡು ಕಂಪ್ಯೂಟರ್ ಮುಂದೆ ಬಂದರೆ, ತೊಂದರೆ ಏನು, ಕಾರಣ ಏನು, ಏನು ಮಾಡಿದಿರಿ ಅಂತ ಮೂರು ಕೋಡ್ ಕೇಳುತ್ತದೆ. ಪಟ್ಟಿ ನೋಡಿದರೆ ಮುಗಿಯುವುದೇ ಇಲ್ಲ. ಬಸ್ಸಿಗೆ ಹೊತ್ತಾಯಿತು. ‘ಇತರೆ’ ಒತ್ತಿ ವರ್ಕ್ ಆರ್ಡರ್, ಅಂದರೆ ಆ ದುರಸ್ತಿಯ ದಾಖಲೆ, ಮುಚ್ಚುತ್ತಾನೆ.

ಬೇರಿಂಗ್ ಯಾಕೆ ಹೋಯಿತು ಅನ್ನುವುದು ಅಲ್ಲಿಗೆ ಕಳೆದುಹೋಯಿತು. ಕಾರ್ಖಾನೆಗಳ ಯಂತ್ರ ನಿರ್ವಹಣೆಯ ಸಾಫ್ಟ್‌ವೇರನ್ನು ಎಷ್ಟು ಸಲ ಸರಿಪಡಿಸಿದರೂ ಕೆಲಸ ಯಾಕೆ ಮುಗಿಯುವುದಿಲ್ಲ ಅನ್ನುವುದಕ್ಕೆ ಉತ್ತರ ಇರುವುದು ಇಲ್ಲೇ.

ಮೊದಲು ಯಂತ್ರದ ಚರಿತ್ರೆ ಇರುತ್ತಿದ್ದದ್ದು ಕಾರ್ಡುಗಳಲ್ಲಿ, ರಿಜಿಸ್ಟರ್‌ಗಳಲ್ಲಿ, ಹಳೇ ಫೋರ್‌ಮನ್‌ಗಳ ತಲೆಯಲ್ಲಿ. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೋಲನ್ ಮತ್ತು ಹೀಪ್ ಅಮೆರಿಕದ ರಕ್ಷಣಾ ಇಲಾಖೆಗೆ ಒಂದು ವರದಿ ಕೊಟ್ಟರು. ಅವರು ನೋಡಿದ ವಿಮಾನದ ಭಾಗಗಳಲ್ಲಿ ವಯಸ್ಸಾದಂತೆ ಸವೆದು ಕೆಡುವಂಥವು ಶೇ 11ರಷ್ಟು ಮಾತ್ರ. ಉಳಿದ ಶೇ 89ಕ್ಕೆ ‘ಇಷ್ಟು ಗಂಟೆ ಓಡಿದ ಮೇಲೆ ಬದಲಿಸಿ’ ಅನ್ನುವ ಗಡುವಿನಿಂದ ಲಾಭವೇ ಇರಲಿಲ್ಲ. ಅಂದರೆ ಯಾವಾಗ ಬಿಚ್ಚಬೇಕು, ಯಾವಾಗ ಸುಮ್ನೆ ಬಿಡಬೇಕು ಅನ್ನುವುದನ್ನು ಕೆಟ್ಟ ಯಂತ್ರಗಳ ದಾಖಲೆಯೇ ಹೇಳಬೇಕು.

ಆ ದಾಖಲೆ ಇಡಲು ಬಂದ ಸಾಫ್ಟ್‌ವೇರ್‌ಗಳಲ್ಲಿ ದೊಡ್ಡ ಹೆಸರು ಮ್ಯಾಕ್ಸಿಮೊ. ಅಮೆರಿಕದ ಕೇಂಬ್ರಿಜ್‌ನಲ್ಲಿ ಹುಟ್ಟಿದ ಪಿಎಸ್‌ಡಿಐ ಕಂಪನಿ 1985ರಲ್ಲಿ ಅದನ್ನು ತಂದಿತು. ಮುಂದೆ ಎಂಆರ್‌ಒ ಸಾಫ್ಟ್‌ವೇರ್ ಅಂತ ಹೆಸರು ಬದಲಿಸಿಕೊಂಡ ಈ ಕಂಪನಿಯನ್ನು 2006ರಲ್ಲಿ ಐಬಿಎಂ ಸುಮಾರು 74 ಕೋಟಿ ಡಾಲರ್‌ಗೆ ಕೊಂಡಿತು.

ಮ್ಯಾಕ್ಸಿಮೊದಲ್ಲಿ ಬೇಕಾದ ಹಾಗೆ ಬದಲಾವಣೆ ಮಾಡಿಕೊಳ್ಳಬಹುದಿತ್ತು. ಜನರಿಗೆ ಇಷ್ಟವಾದದ್ದೂ ಅದೇ, ಆಮೇಲೆ ಕಾಡಿದ್ದೂ ಅದೇ. ಸ್ಟೋರ್ಸ್‌ನವರು ಒಂದು ಕಾಲಂ ಕೇಳಿದರು, ಸುರಕ್ಷತೆಯವರು ಎರಡು, ಲೆಕ್ಕಪತ್ರದವರು ಇನ್ನೊಂದು. ಸೇರಿಸುವವರಿದ್ದರು, ತೆಗೆಯುವವರು ಇರಲಿಲ್ಲ. ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಂಡ ತಿದ್ದುಪಡಿಗಳು ಪ್ರತಿ ಅಪ್‌ಗ್ರೇಡ್‌ನಲ್ಲೂ ತಲೆನೋವಾದವು. 7.5ನೇ ಆವೃತ್ತಿಯಲ್ಲಿ ಸ್ಕ್ರಿಪ್ಟ್ ಬರೆಯುವ ಸೌಲಭ್ಯ ಬಂದ ಮೇಲೆ ಆ ಕಷ್ಟ ಸ್ವಲ್ಪ ಇಳಿಯಿತು. 2020ರಲ್ಲಿ ಕ್ಲೌಡ್‌ಗೆ ಹೊಂದುವ ಹೊಸ ರೂಪ ಬಂತು. 2025ರ ಸೆಪ್ಟೆಂಬರ್‌ಗೆ ಹಳೇ 7.6.1 ಆವೃತ್ತಿಗೆ ಐಬಿಎಂ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು.

ಹೊಸದಕ್ಕೆ ಹೋಗುವಾಗ ಏನನ್ನು ಬಿಟ್ಟುಹೋಗಬೇಕು ಅಂತ ಯೋಚಿಸದಿದ್ದರೆ, ಮನೆ ಬದಲಿಸುವಾಗ ಅಟ್ಟದ ಮೇಲಿನ ಹಳೇ ಸಾಮಾನೂ ಲಾರಿ ಹತ್ತಿದ ಹಾಗೆ. ಯಾರೂ ತುಂಬದ ಕಾಲಂಗಳು, ತಯಾರಕರ ಕೈಪಿಡಿಯಿಂದ ಎಂದೋ ಇಳಿಸಿಕೊಂಡ ಪಿಎಂ (ಕೆಡುವ ಮೊದಲೇ ಮಾಡುವ ನಿರ್ವಹಣೆ) ವೇಳಾಪಟ್ಟಿಗಳು, ಸಾವಿರಾರು ‘ಇತರೆ’ಗಳು, ಎಲ್ಲವೂ ಜೊತೆಗೆ ಬರುತ್ತವೆ. ಯಂತ್ರ ಯಾವಾಗ ಕೆಡಬಹುದು ಅಂತ ಮೊದಲೇ ಹೇಳುವ ಎಐ ಮಾದರಿ ಕಲಿಯಬೇಕಾದದ್ದೂ ಇದೇ ಚರಿತ್ರೆಯಿಂದ ಅಲ್ವಾ?

ನನಗೆ ಬಹಳ ಉಪಯೋಗದ್ದು ಅನ್ನಿಸುವ ಸುಧಾರಣೆಗೆ ದುಡ್ಡೇನೂ ಜಾಸ್ತಿ ಬೇಡ. ಪಂಪಿಗೆ ಸಂಬಂಧವಿಲ್ಲದ ಕೋಡ್‌ಗಳನ್ನು ಪಂಪಿನ ಪಟ್ಟಿಯಿಂದ ತೆಗೆಯಬೇಕು. ತಿಂಗಳಿಗೊಮ್ಮೆ ‘ಇತರೆ’ ಅಂತ ಮುಚ್ಚಿದ ವರ್ಕ್ ಆರ್ಡರ್‌ಗಳನ್ನು ಮುಂದಿಟ್ಟುಕೊಂಡು ಫಿಟ್ಟರ್‌ಗಳ ಜೊತೆ ಕೂರಬೇಕು. ಕೇಳಿದರೆ ಅವರು ಥಟ್ಟನೆ ಹೇಳುತ್ತಾರೆ: “ಗ್ರೀಸ್ ಜಾಸ್ತಿ ತುಂಬಿದ್ರು ಸಾರ್, ಬಿಸಿಯಾಗಿ ಹೋಯ್ತು.” ಆ ಕಾರಣ ಪಟ್ಟಿಯಲ್ಲಿ ಇರುವುದೇ ಇಲ್ಲ. ಗ್ರೀಸ್ ತುಂಬಲು ಹೇಳಿದ್ದು ಅದೇ ಸಾಫ್ಟ್‌ವೇರಿನ ಪಿಎಂ.