ಪಿಕಪ್ ತಗ್ಗಿಸುವ ಲೆಕ್ಕ: ರೋಲ್ ಸೆಂಟರ್ ಅರ್ಥವಾಗದವರಿಗೆ ಟಿಪ್ಪಣಿ

ಗಾಡಿ ತಗ್ಗಿಸಿದರೆ ಗುರುತ್ವ ಕೇಂದ್ರ ಕೆಳಗೆ ಬರುತ್ತದೆ, ತಿರುವಿನಲ್ಲಿ ವಾಲುವುದು ಕಮ್ಮಿಯಾಗುತ್ತದೆ. ಸಸ್ಪೆನ್ಷನ್ ಪಾಠದಲ್ಲಿ ಎಲ್ಲರೂ ಬರೆದುಕೊಳ್ಳುವ ಸಾಲು ಇದು. ಮೊದಲ ಅರ್ಧ ಸರಿ. ಎರಡನೇ ಅರ್ಧ ಪಿಕಪ್ ವಿಷಯದಲ್ಲಿ ಎಷ್ಟೋ ಸಲ ಉಲ್ಟಾ ಹೊಡೆಯುತ್ತದೆ. ಈ ಟಿಪ್ಪಣಿ ಬಹುಪಾಲು ಆ ಉಲ್ಟಾ ಬಗ್ಗೆಯೇ. ಹಾಸನದಲ್ಲಿ ನನ್ನ ಜೊತೆ ಆಟೋಮೊಬೈಲ್ ಓದುತ್ತಿರುವವರಿಗೆ ಬರೆದಿದ್ದು. ಸ್ಪ್ರಿಂಗ್ ಅಂದರೇನು, ಶಾಕ್ ಅಬ್ಸಾರ್ಬರ್ ಅಂದರೇನು ಅಂತ ಹೇಳಲು ಹೋಗುವುದಿಲ್ಲ.

ವೇಗಕ್ಕೆಂದೇ ಮಾಡಿದ ಪಿಕಪ್‌ಗಳಲ್ಲಿ ಹೆಸರು ಮಾಡಿದವು ಅಮೆರಿಕದವು. 1991ರ ಜಿಎಂಸಿ ಸೈಕ್ಲೋನ್‌ಗೆ 4.3 ಲೀಟರ್ ಟರ್ಬೊ ವಿ6, 280 ಅಶ್ವಶಕ್ತಿ. 1993ರ ಫೋರ್ಡ್ ಎಫ್-150 ಲೈಟ್ನಿಂಗ್‌ಗೆ 5.8 ಲೀಟರ್ ವಿ8, 240 ಅಶ್ವಶಕ್ತಿ. ಎರಡೂ ಕಂಪನಿಯಿಂದಲೇ ತಗ್ಗಾಗಿ ಬಂದ ಗಾಡಿಗಳು. ಸೈಕ್ಲೋನ್ ಹೊರಬಹುದಾದ ಭಾರ ಬರೀ 500 ಪೌಂಡ್, ಅಂದರೆ ಸುಮಾರು 227 ಕೆಜಿ. ನಮ್ಮ ಕಡೆಯ 50 ಕೆಜಿ ಕಾಫಿ ಮೂಟೆ ನಾಲ್ಕು ಹಾಕಿದರೆ ಮುಗೀತು. ಪಿಕಪ್ ತಗ್ಗಿಸುವುದಕ್ಕೆ ಕೊಡಬೇಕಾದ ಬೆಲೆ ಏನು ಅಂತ ಇದೊಂದೇ ಅಂಕಿ ಹೇಳುತ್ತದೆ.

ಎರಡು ಬೇರೆ ಲೆಕ್ಕಗಳು

ತಿರುವಿನಲ್ಲಿ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಇವೆರಡನ್ನು ಒಂದೇ ಅಂದುಕೊಂಡರೆ ಮುಂದೆ ಏನೂ ಅರ್ಥವಾಗುವುದಿಲ್ಲ.

ಮೊದಲನೆಯದು ಭಾರ ಒಳಚಕ್ರದಿಂದ ಹೊರಚಕ್ರಕ್ಕೆ ಹೋಗುವುದು. ಗಾಡಿಯ ತೂಕ, ಎಷ್ಟು ಜಿ ಬಲದಲ್ಲಿ ತಿರುಗುತ್ತಿದೆ (1 ಜಿ ಅಂದರೆ ಗುರುತ್ವದಷ್ಟು), ಗುರುತ್ವ ಕೇಂದ್ರದ ಎತ್ತರ, ಈ ಮೂರನ್ನು ಗುಣಿಸಿ ಎರಡು ಚಕ್ರಗಳ ನಡುವಿನ ಅಗಲದಿಂದ ಭಾಗಿಸಬೇಕು. 1900 ಕೆಜಿ ಗಾಡಿ, 0.6 ಜಿ, ಎತ್ತರ 700 ಮಿಮೀ, ಅಗಲ 1550 ಮಿಮೀ ಅಂತ ಇಟ್ಟುಕೊಳ್ಳಿ. ಸುಮಾರು 515 ಕೆಜಿ ಭಾರ ಹೊರಗಡೆಗೆ ಹೋಗುತ್ತದೆ. 50 ಮಿಮೀ ತಗ್ಗಿಸಿ, ಎತ್ತರ 650 ಮಾಡಿದರೆ 478 ಕೆಜಿ. ಲಾಭ ಖಂಡಿತ ಇದೆ, ಆದರೆ ಬರೀ ಶೇಕಡಾ 7. ಇಲ್ಲಿ ಸ್ಪ್ರಿಂಗ್ ಮಾತೇ ಬರುವುದಿಲ್ಲ ನೋಡಿ. ಎಂಥಾ ಗಟ್ಟಿ ಸ್ಪ್ರಿಂಗ್ ಹಾಕಿದರೂ ಗಾಡಿಯ ಒಟ್ಟು ಲೆಕ್ಕ ಹೆಚ್ಚುಕಮ್ಮಿ ಇಷ್ಟೇ.

ಎರಡನೆಯದು ಬಾಡಿ ವಾಲುವುದು. ಇದಕ್ಕೆ ಗುರುತ್ವ ಕೇಂದ್ರ ನೆಲದಿಂದ ಎಷ್ಟು ಎತ್ತರ ಅನ್ನುವುದು ಮುಖ್ಯವಲ್ಲ. ರೋಲ್ ಸೆಂಟರ್‌ನಿಂದ ಎಷ್ಟು ಎತ್ತರ ಅನ್ನುವುದು ಮುಖ್ಯ. ಬಾಡಿ ಆ ಬಿಂದುವಿನ ಸುತ್ತ ತಿರುಗಿ ವಾಲುತ್ತದೆ. ಎರಡರ ನಡುವಿನ ದೂರ ಹೆಚ್ಚಾದಷ್ಟೂ ಅದೇ ಬಲ ಜಾಸ್ತಿ ವಾಲಿಸುತ್ತದೆ, ಬಿಡದ ನಟ್‌ಗೆ ಸ್ಪ್ಯಾನರ್ ಹಿಂದೆ ಪೈಪ್ ಸಿಕ್ಕಿಸಿ ತಿರುಗಿಸಿದ ಹಾಗೆ. ಈ ದೂರವನ್ನು ಇನ್ನು ಮುಂದೆ ತೋಳು ಅಂತ ಕರೆಯುತ್ತೇನೆ.

ರೋಲ್ ಸೆಂಟರ್ ಎಳೆದು ನೋಡಿ

ಈ ಭಾಗ ಓದಿದರೆ ಸಾಲದು, ಗ್ರಾಫ್ ಹಾಳೆ ತಗೊಂಡು ಕೂರಿ. ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಎರಡಕ್ಕೂ ಮುಂದೆ ಡಬಲ್ ವಿಶ್‌ಬೋನ್ ಇದೆ, ಅಂದರೆ ಚಕ್ರವನ್ನು ಚಾಸಿಗೆ ಸೇರಿಸುವ ಎರಡು ಆರ್ಮ್, ಮೇಲೊಂದು ಕೆಳಗೊಂದು. ಕೆಳಗಿನ ಅಳತೆಗಳು ಅವುಗಳದ್ದಲ್ಲ. ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡಿದ್ದು.

ಗಾಡಿಯ ನಡುಗೆರೆ ಸೊನ್ನೆ. ಟೈರ್ ನೆಲ ಮುಟ್ಟುವ ಜಾಗ ಅಲ್ಲಿಂದ 775 ಮಿಮೀ ಆಚೆ. ಕೆಳಗಿನ ಆರ್ಮ್‌ನ ಬಾಲ್ ಜಾಯಿಂಟ್ (ಚಕ್ರದ ಕಡೆಯ ಕೀಲು) 700 ದೂರ, 250 ಎತ್ತರ. ಅದರ ಚಾಸಿ ಕಡೆಯ ಬುಷ್ 300 ದೂರ, 270 ಎತ್ತರ. ಮೇಲಿನ ಆರ್ಮ್‌ನ ಬಾಲ್ ಜಾಯಿಂಟ್ 660 ದೂರ, 500 ಎತ್ತರ. ಅದರ ಬುಷ್ 360 ದೂರ, 485 ಎತ್ತರ.

ಎರಡೂ ಆರ್ಮ್‌ಗಳ ಗೆರೆಯನ್ನು ಗಾಡಿಯ ಒಳಕ್ಕೆ ಉದ್ದ ಮಾಡಿ. ಅವು ನಡುಗೆರೆ ದಾಟಿ ಆ ಕಡೆ 1820 ಮಿಮೀ ದೂರದಲ್ಲಿ, 376 ಎತ್ತರದಲ್ಲಿ ಸೇರುತ್ತವೆ. ಮಾಮೂಲಿ ಹಾಳೆಯಲ್ಲಿ ಹಿಡಿಯಲ್ಲ, ಎರಡು ಹಾಳೆ ಅಂಟಿಸಿ. ಸೇರಿದ ಬಿಂದುವಿನಿಂದ ಟೈರ್ ನೆಲ ಮುಟ್ಟುವ ಜಾಗಕ್ಕೆ ಇನ್ನೊಂದು ಗೆರೆ ಎಳೆಯಿರಿ. ಅದು ನಡುಗೆರೆಯನ್ನು ಎಲ್ಲಿ ಕತ್ತರಿಸುತ್ತದೋ ಅದೇ ರೋಲ್ ಸೆಂಟರ್. ಇಲ್ಲಿ 112 ಮಿಮೀ ಬರುತ್ತದೆ. ಗುರುತ್ವ ಕೇಂದ್ರ 700, ಹಾಗಾಗಿ ತೋಳು 588.

ಈಗ ಗಿಡ್ಡ ಸ್ಪ್ರಿಂಗ್ ಹಾಕಿ 50 ಮಿಮೀ ತಗ್ಗಿಸೋಣ. ಎಡವುವುದು ಇಲ್ಲೇ, ನಿಧಾನವಾಗಿ ನೋಡಿ. ಚಕ್ರ ನೆಲದ ಮೇಲೇ ಇದೆ, ಹಾಗಾಗಿ ಬಾಲ್ ಜಾಯಿಂಟ್‌ಗಳು ಇದ್ದಲ್ಲೇ ಇರುತ್ತವೆ. ಇಳಿಯುವುದು ಚಾಸಿ, ಅದರ ಜೊತೆ ಬುಷ್‌ಗಳು ಮಾತ್ರ. ಕೆಳಗಿನ ಬುಷ್ 220ಕ್ಕೆ, ಮೇಲಿನದ್ದು 435ಕ್ಕೆ ಬಂತು. ಮೊದಲು ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗಿದ್ದ ಕೆಳಗಿನ ಆರ್ಮ್ ಈಗ ಚಕ್ರದ ಕಡೆಗೆ ಏರುತ್ತಿದೆ. ಮತ್ತೆ ಗೆರೆ ಎಳೆಯಿರಿ. ಗೆರೆಗಳು ಈಗ ಸೇರುವುದು 1126 ದೂರದಲ್ಲಿ, ಬರೀ 113 ಎತ್ತರದಲ್ಲಿ. ರೋಲ್ ಸೆಂಟರ್ 46.

ಗುರುತ್ವ ಕೇಂದ್ರ ಇಳಿದಿದ್ದು 50, ರೋಲ್ ಸೆಂಟರ್ ಇಳಿದಿದ್ದು 66. ತೋಳು 588 ಇದ್ದದ್ದು 604 ಆಯಿತು. ಗಾಡಿ ತಗ್ಗಾಯಿತು, ಆದರೆ ಅದೇ ಬಲ ಈಗ ಜಾಸ್ತಿ ವಾಲಿಸುತ್ತದೆ! ಹಾಗಾದರೆ ಲೋವರಿಂಗ್ ಸ್ಪ್ರಿಂಗ್ ಹಾಕಿದ ಗಾಡಿ ಯಾಕೆ ಕಮ್ಮಿ ವಾಲುತ್ತದೆ? ಆ ಸ್ಪ್ರಿಂಗ್ ಗಿಡ್ಡ ಮಾತ್ರವಲ್ಲ, ಗಟ್ಟಿಯೂ ಆಗಿರುತ್ತದೆ. ಕೆಲಸ ಮಾಡಿದ್ದು ಆ ಗಟ್ಟಿತನ. ಹೊಗಳಿಕೆ ಮಾತ್ರ ತಗ್ಗಿದ್ದಕ್ಕೆ ಸಿಗುತ್ತದೆ.

ಅದೇ 50 ಮಿಮೀಯನ್ನು ಡ್ರಾಪ್ ಸ್ಪಿಂಡಲ್‌ನಿಂದ ತಗ್ಗಿಸಿದರೆ ಕತೆಯೇ ಬೇರೆ. ಅದರಲ್ಲಿ ಚಕ್ರ ಕೂರುವ ಸ್ಪಿಂಡಲ್, ನಕಲ್‌ನಲ್ಲಿ (ಎರಡೂ ಬಾಲ್ ಜಾಯಿಂಟ್ ಸೇರುವ ತುಂಡು) ಮೊದಲಿಗಿಂತ 50 ಮಿಮೀ ಎತ್ತರದಲ್ಲಿ ಇರುತ್ತದೆ. ಬಾಲ್ ಜಾಯಿಂಟ್, ಬುಷ್ ಎಲ್ಲವೂ ಒಟ್ಟಿಗೆ ಇಳಿಯುತ್ತವೆ, ಆರ್ಮ್‌ಗಳ ಓರೆ ಬದಲಾಗುವುದಿಲ್ಲ. ಗೆರೆಗಳು ಅದೇ 1820ರಲ್ಲಿ, 326 ಎತ್ತರದಲ್ಲಿ ಸೇರುತ್ತವೆ. ರೋಲ್ ಸೆಂಟರ್ 97, ತೋಳು 553. ಶೇಕಡಾ 6 ಕಮ್ಮಿ. ಒಂದೇ ಎತ್ತರದ ಗಾಡಿ, ಎರಡು ದಾರಿ, ಒಂದರಲ್ಲಿ ನಷ್ಟ, ಇನ್ನೊಂದರಲ್ಲಿ ಲಾಭ. ಪರೀಕ್ಷೆಗೆ ಇದೊಂದು ನೆನಪಿಟ್ಟುಕೊಂಡರೂ ಸಾಕು ಅನ್ನಿಸುತ್ತದೆ ನನಗೆ.

ಗ್ರಾಫ್ ಇಲ್ಲದೆ ಗ್ಯಾರೇಜಿನಲ್ಲಿ ಹೇಳಬೇಕಾ? ನನ್ನ ಅಡ್ಡದಾರಿ ಇದು. ಗಾಡಿ ಸಮ ನೆಲದ ಮೇಲೆ ನಿಂತಿರಲಿ, ಜ್ಯಾಕ್ ಮೇಲೆ ಬೇಡ. ಬಗ್ಗಿ ಕೆಳಗಿನ ಆರ್ಮ್ ನೋಡಿ. ಬುಷ್‌ಗಿಂತ ಬಾಲ್ ಜಾಯಿಂಟ್ ಮೇಲೆ ಕಂಡರೆ ತಗ್ಗಿಸಿದ್ದು ಅತಿಯಾಗಿದೆ.

ಹಿಂದೆ

ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಬ್ಲೇಡ್ ಸೆಟ್, ಮತ್ತು ಗಟ್ಟಿ ಆಕ್ಸಲ್. ರೋಲ್ ಸೆಂಟರ್ ಹೆಚ್ಚುಕಮ್ಮಿ ಬ್ಲೇಡ್ ಸೆಟ್‌ನ ಎತ್ತರದಲ್ಲೇ ಇರುತ್ತದೆ. ಬಾಡಿ ಜೊತೆ ಅದೂ ಇಳಿಯುತ್ತದೆ, ತೋಳು ಅಷ್ಟೇ ಉಳಿಯುತ್ತದೆ. ಹಾಗಾಗಿ ಇಲ್ಲಿ ತಲೆನೋವು ಬೇರೆ: ಬ್ಲೇಡ್ ಆಕ್ಸಲ್‌ನ ಮೇಲಿದೆಯಾ, ಕೆಳಗಿದೆಯಾ ಅಂತ ಮೊದಲು ನೋಡಬೇಕು. ಬ್ಲೇಡ್ ಕೆಳಗಿದ್ದರೆ ನಡುವೆ ಬ್ಲಾಕ್ ಇಟ್ಟಾಗ ಗಾಡಿ ತಗ್ಗುತ್ತದೆ. ಮೇಲಿದ್ದರೆ ಅದೇ ಬ್ಲಾಕ್ ಗಾಡಿಯನ್ನು ಎತ್ತುತ್ತದೆ. ಮೇಲಿರುವ ಗಾಡಿಗೆ ಫ್ಲಿಪ್ ಕಿಟ್ ಹಾಕುತ್ತಾರೆ, ಅಂದರೆ ಆಕ್ಸಲ್ ಅನ್ನು ಬ್ಲೇಡ್ ಮೇಲಕ್ಕೆ ತಂದು ಕೂರಿಸುವುದು. ಒಂದೇ ಏಟಿಗೆ ಐದಾರು ಇಂಚು ಇಳಿಯುತ್ತದೆ, ಆಕ್ಸಲ್ ಚಾಸಿಗೆ ಹೊಡೆಯದಂತೆ ಚಾಸಿಯನ್ನೇ ಕತ್ತರಿಸಿ ಬಲಪಡಿಸಬೇಕಾಗುತ್ತದೆ. ನಮ್ಮ ರಸ್ತೆಗೆ ಇದು ಹುಚ್ಚು.

ಶ್ಯಾಕಲ್ (ಬ್ಲೇಡ್‌ನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಬದಲಿಸಿದರೆ ಅರ್ಧ ಲೆಕ್ಕ. ಶ್ಯಾಕಲ್ ಎರಡು ಇಂಚು ಬದಲಾದರೆ ಆಕ್ಸಲ್ ಇರುವಲ್ಲಿ ಒಂದು ಇಂಚು, ಯಾಕಂದರೆ ಅದು ಬ್ಲೇಡ್‌ನ ನಡುವೆ ಇದೆ. ಜೊತೆಗೆ ಆಕ್ಸಲ್ ಸ್ವಲ್ಪ ತಿರುಗಿ, ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕೆಡುತ್ತದೆ. ಗಾಡಿ ಅದುರಲು ಶುರುವಾದರೆ ಅಲ್ಲಿ ನೋಡಿ.

ಸ್ಪ್ರಿಂಗ್ ಕತ್ತರಿಸುವ ಬಗ್ಗೆ ಎರಡೇ ಮಾತು. ಎಂಟು ಸುತ್ತಿನ ಕಾಯಿಲ್‌ನಲ್ಲಿ ಒಂದು ಸುತ್ತು ತೆಗೆದರೆ ಶೇಕಡಾ 14 ಗಟ್ಟಿಯಾಗುತ್ತದೆ, ಸರಿ. ಗ್ಯಾಸ್ ಕಟರ್ ಬಿಸಿಗೆ ಅದರ ಹದ ಹಾಳಾಗುತ್ತದೆ, ಬೇಡ. ತಗ್ಗಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಇಲ್ಲದಿದ್ದರೆ ಟೈರ್‌ನ ಒಳಅಂಚು ಸವೆದು ಹೋಗುತ್ತದೆ.

ಬ್ರೇಕ್ ಮತ್ತು ಶಿರಾಡಿ

ಯಾರೂ ಹೇಳದ ವಿಷಯ ಇದು. ಎಷ್ಟೋ ಪಿಕಪ್‌ಗಳಲ್ಲಿ ಚಾಸಿಯಲ್ಲಿ ಒಂದು ವಾಲ್ವ್ ಇರುತ್ತದೆ, ಅದರಿಂದ ಹಿಂದಿನ ಆಕ್ಸಲ್‌ಗೆ ಒಂದು ಸಣ್ಣ ಕಡ್ಡಿ ಅಥವಾ ಸ್ಪ್ರಿಂಗ್. ಅದೇ ಎಲ್‌ಎಸ್‌ಪಿವಿ, ಅಂದರೆ ಲೋಡ್ ಸೆನ್ಸಿಂಗ್ ಪ್ರೊಪೋರ್ಷನಿಂಗ್ ವಾಲ್ವ್. ಲೋಡ್ ಹಾಕಿದಾಗ ಚಾಸಿ ತಗ್ಗುತ್ತದೆ, ಕಡ್ಡಿ ಒತ್ತುತ್ತದೆ, ವಾಲ್ವ್ ಹಿಂದಿನ ಬ್ರೇಕ್‌ಗೆ ಜಾಸ್ತಿ ಒತ್ತಡ ಬಿಡುತ್ತದೆ. ಗಾಡಿ ಖಾಲಿ ಇದ್ದರೆ ಕಮ್ಮಿ ಬಿಡುತ್ತದೆ. ನೀವು ಹಿಂದೆ ತಗ್ಗಿಸಿದರೆ ವಾಲ್ವ್‌ಗೆ ಗೊತ್ತಾಗುವುದು ಒಂದೇ: ಲೋಡ್ ಬಂದಿದೆ. ಖಾಲಿ ಗಾಡಿಗೂ ಪೂರ್ತಿ ಒತ್ತಡ ಬಿಡುತ್ತದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ, ಜುಲೈ ಮಳೆಯಲ್ಲಿ, ಖಾಲಿ ಪಿಕಪ್‌ನ ಹಿಂಚಕ್ರ ಲಾಕ್ ಆದರೆ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಎಬಿಎಸ್ ಇಲ್ಲದ ಹಳೇ ಗಾಡಿಯಲ್ಲಂತೂ ತಡೆಯಲು ಏನೂ ಇಲ್ಲ. ತಗ್ಗಿಸಿದಷ್ಟೇ ಕಡ್ಡಿಯ ಬ್ರಾಕೆಟ್ ಸರಿಹೊಂದಿಸಬೇಕು, ಮೊದಲು ಅದು, ಆಮೇಲೆ ಬೇರೆಲ್ಲ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. ಚಾಸಿ ಕತ್ತರಿಸುವ ಮೊದಲು ಇದನ್ನು ಓದಿಕೊಳ್ಳಿ.

ಮೂಡಿಗೆರೆ ಕಡೆಯ ತೋಟದ ರಸ್ತೆಗಳಲ್ಲಿ ಎರಡು ಚಕ್ರದ ಜಾಡಿನ ನಡುವೆ ಕಲ್ಲು ಎದ್ದು ನಿಂತಿರುತ್ತದೆ, ಅಲ್ವಾ? ಅಲ್ಲಿ ಓಡುವ ಗಾಡಿ ನನ್ನದಾಗಿದ್ದರೆ ತಗ್ಗಿಸುತ್ತಲೇ ಇರಲಿಲ್ಲ. ಒಳ್ಳೆ ಶಾಕ್ ಅಬ್ಸಾರ್ಬರ್, ಒಳ್ಳೆ ಟೈರ್, ಮುಂದೆ ಸ್ವಲ್ಪ ದಪ್ಪದ ಆ್ಯಂಟಿ-ರೋಲ್ ಬಾರ್ (ಬಾಡಿ ವಾಲುವುದನ್ನು ತಡೆಯುವ ಸರಳು), ಅಷ್ಟೇ. ಬರೀ ಬಿಎಂ ರೋಡಿನಲ್ಲಿ (ಬೆಂಗಳೂರು-ಮಂಗಳೂರು ರಸ್ತೆ) ಹಾಸನ-ಬೆಂಗಳೂರು ಓಡಾಡುವ ಗಾಡಿಯಾದರೆ ಮುಂದೆ ಒಂದು ಇಂಚು, ಹಿಂದೆ ಒಂದೂವರೆ ಇಂಚು. ಅದಕ್ಕಿಂತ ಜಾಸ್ತಿ ಇಳಿಸಿದರೆ ಹಂಪ್ ಬಂದಾಗಲೆಲ್ಲ ಓರೆಯಾಗಿ ಹತ್ತಿಸಬೇಕು.